ಮೌನವ್ವನ ಮೊದಲ ಕತ್ತಿ

ಹೊಳೆ ದಾಟಿ, ಕಾಡು ದಾಟಿ, ಮೂರು ಗುಡ್ಡ ಹತ್ತಿ ಇಳಿದರೆ ಕೆಂಗಲ್ಲುದುರ್ಗ ಅಂತ ಒಂದು ರಾಜ್ಯ. ಈಗ ಹುಡುಕಿಕೊಂಡು ಹೋಗಬೇಡಿ ಮಕ್ಕಳೇ, ಸಿಗುವುದಿಲ್ಲ. ಆಗ ಇತ್ತು. ಅಲ್ಲಿ ಮುದ್ದರಸ ಅನ್ನುವ ರಾಜ ಇದ್ದ. ಆ ರಾಜನ ಕೋಟೆಯ ಕೆಳಗೆ ಕಮ್ಮಾರರ ಕೇರಿ ಇತ್ತು. ಆ ಕೇರಿಯ ಕೊನೆಯ ಕುಲುಮೆಯಲ್ಲಿ ಮೌನವ್ವ ಅನ್ನುವ ಹೆಂಗಸು ಇದ್ದಳು.

ಹೆಸರು ಮೌನವ್ವ. ಆದರೆ ಬಾಯಿ ಸುಮ್ಮನಿದ್ದದ್ದನ್ನು ಯಾರೂ ನೋಡಿರಲಿಲ್ಲ. ನೀರು ಸೇದುವಾಗ ಹಗ್ಗದ ಜೊತೆ ಮಾತು. ಒಲೆ ಹಚ್ಚುವಾಗ ಸೌದೆಯ ಜೊತೆ ಮಾತು. ಕುಡುಗೋಲು ಕೊಳ್ಳಲು ಬಂದ ರೈತ ಊಟದ ಹೊತ್ತಿಗೆ ಮನೆ ಮುಟ್ಟಿದರೆ ಅದು ಅವನ ಪುಣ್ಯ. ಕೇರಿಯವರು ಅವಳನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಆದರೆ ಅವಳು ಮಾಡಿದ ಕುಡುಗೋಲಿಗೆ ಮಾತ್ರ ಯಾರೂ ಹೆಸರಿಡುತ್ತಿರಲಿಲ್ಲ. ಗಂಡ ಕತ್ತಿ ಬಡಿಯುತ್ತಿದ್ದ, ಇವಳು ಪಕ್ಕದಲ್ಲಿ ಕೂತು ಕುಡುಗೋಲು ಬಡಿಯುತ್ತಿದ್ದಳು.

ಆ ಗಂಡ ಒಂದು ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡ. ಮನೆಯಲ್ಲಿ ಉಳಿದವರು ಮೌನವ್ವ ಮತ್ತು ಅವಳ ಮಾವ ಈರಾಚಾರಿ. ಈರಾಚಾರಿ ಒಂದು ಕಾಲಕ್ಕೆ ಕೆಂಗಲ್ಲುದುರ್ಗದ ಹೆಸರಾಂತ ಕತ್ತಿಗಾರ. ಬೆಂಕಿ ನೋಡಿ ನೋಡಿ ಮುದುಕನ ಕಣ್ಣು ಪೂರಾ ಹೋಗಿತ್ತು.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಕತ್ತಿ ಮಾಡುವ ಕುಲುಮೆಯ ಯಜಮಾನ ತೀರಿಕೊಂಡರೆ, ಮುಂದಿನ ಆಯುಧಪೂಜೆಗೆ ಆ ಮನೆಯವರೊಬ್ಬರು ತಮ್ಮ ಕೈಯಾರೆ ಮಾಡಿದ ಮೊದಲ ಕತ್ತಿಯನ್ನು ರಾಜನ ಮುಂದೆ ಇಡಬೇಕು. ರಾಜ ಅದನ್ನು ಹಿಡಿದು ಹುಣಸೆ ಮರದ ಕಂಬಕ್ಕೆ ಮೂರು ಏಟು ಹಾಕುತ್ತಾನೆ. ಕತ್ತಿ ಮುರಿಯದೆ ನಿಂತರೆ ಮನೆಗೊಂದು ಮುದ್ರೆ ಕೊಡುತ್ತಾನೆ. ಅವತ್ತಿನಿಂದ ಅವರು ಕತ್ತಿಗಾರರು. ಕತ್ತಿ ನಿಲ್ಲದಿದ್ದರೆ, ಇಲ್ಲವೇ ಇಡುವವರೇ ಇಲ್ಲದಿದ್ದರೆ, ಕುಲುಮೆಗೆ ನೀರು ಸುರಿದು ಬೆಂಕಿ ಆರಿಸುತ್ತಾರೆ. ಜಾಗ ಅರಮನೆಯ ಕತ್ತಿಗಾರನ ಪಾಲಾಗುತ್ತದೆ.

ಅರಮನೆಯ ಕತ್ತಿಗಾರ ರುದ್ರಾಚಾರಿ. ಅವನು ಸುತ್ತಿಗೆ ಹಿಡಿದು ಎಷ್ಟೋ ಕಾಲವಾಗಿತ್ತು. ಕೈಕೆಳಗಿನ ಆಳುಗಳು ಬಡಿಯುತ್ತಿದ್ದರು, ಇವನು ಅದರ ಮೇಲೆ ತನ್ನ ಮುದ್ರೆ ಒತ್ತಿ ಮೀಸೆ ತಿರುವುತ್ತಿದ್ದ. ಈರಾಚಾರಿಯ ಹಿತ್ತಿಲ ಬಾವಿಯ ಮೇಲೆ ಅವನ ಕಣ್ಣಿತ್ತು. ಆ ಬಾವಿಯ ನೀರಲ್ಲಿ ಅದ್ದಿದ ಅಲಗಿಗೆ ಒಳ್ಳೆಯ ಹದ ಬರುತ್ತದೆ ಅಂತ ಕೇರಿಗೆಲ್ಲ ಗೊತ್ತಿತ್ತು.

ಸಾವಿನ ಮನೆಗೆ ಮಾತಾಡಿಸಲು ಬಂದವನೇ ರುದ್ರಾಚಾರಿ ಬಾವಿಯೊಳಗೆ ಇಣುಕಿ ನೋಡಿದ.

“ಮುದುಕನಿಗೆ ಕಣ್ಣಿಲ್ಲ. ನಿನಗೆ ಕುಡುಗೋಲು ಬಿಟ್ಟರೆ ಬೇರೆ ಗೊತ್ತಿಲ್ಲ. ಆಯುಧಪೂಜೆವರೆಗೂ ಯಾಕಮ್ಮಿ ಕಾಯ್ತೀಯ? ಈಗಲೇ ಜಾಗ ಬಿಡು,” ಅಂದ.

“ಕತ್ತಿ ಇಡ್ತೀನಿ,” ಅಂದಳು ಮೌನವ್ವ. ಅವತ್ತು ಅವಳು ಆಡಿದ್ದು ಅದೊಂದೇ ಮಾತು. ಕೇರಿಯವರಿಗೆ ಅದೇ ದೊಡ್ಡ ಆಶ್ಚರ್ಯ.

ಗಂಡ ಬಿಟ್ಟುಹೋದ ಉಕ್ಕು ಅಟ್ಟದ ಮೇಲಿತ್ತು. ಮೂರು ಕತ್ತಿಗೆ ಸಾಕಾಗುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಮುದುಕ ಬೆಂಕಿಗೆ ಗಾಳಿ ಊದುವ ತಿದಿಯ ಹತ್ತಿರ ಕೂತ. ಸೊಸೆ ಸುತ್ತಿಗೆ ಹಿಡಿದಳು.

“ನನಗೆ ಕಾಣಲ್ಲ ಮಗಾ. ಕಬ್ಬಿಣದ ಬಣ್ಣ ನೀನೇ ಹೇಳಬೇಕು,” ಅಂದ ಈರಾಚಾರಿ.

“ಕೆಂಪಗಾಗಿದೆ ಮಾವಯ್ಯ.”

“ಯಾವ ಕೆಂಪು? ಬರೀ ಕೆಂಪು ಅಂದರೆ ನಾನೇನು ತಿಳಕೊಳ್ಳಲಿ?”

ಮೌನವ್ವ ಬಗ್ಗಿ ನೋಡಿದಳು. “ದಾಳಿಂಬೆ ಸಿಪ್ಪೆ ಹಂಗಿದೆ. ತಡೀರಿ, ಈಗ ದಾಸವಾಳ. ಅಂಚಲ್ಲಿ ಇನ್ನೂ ಸ್ವಲ್ಪ ಕಪ್ಪಿದೆ, ಬುಡದಲ್ಲಿ ಪರವಾಗಿಲ್ಲ. ಈಗ ನೋಡಿ, ಮುತ್ತುಗದ ಹೂವು. ಪೂರಾ ಮುತ್ತುಗದ ಹೂವು.”

“ಈಗ ತೆಗೆದು ಬಡಿ,” ಅಂದ ಮುದುಕ.

ಊರಿಗೆ ಬೇಡವಾಗಿದ್ದ ಆ ಬಾಯಿ ಈರಾಚಾರಿಗೆ ಕಣ್ಣಾಯಿತು. ಎಂತಹ ಸೊಗಸು ನೋಡಿ. ಅವಳು ಹೇಳುತ್ತಿದ್ದಳು, ಅವನು ಕಾಣುತ್ತಿದ್ದ.

ಮೊದಲನೆಯ ಕತ್ತಿ ತಯಾರಾಯಿತು. ನೀರಿಂದ ಹೊರಗೆ ತೆಗೆದರೆ, ಅಯ್ಯೋ, ಅದು ಒಂದು ಕಡೆಗೆ ಬಾಗಿ ನಿಂತಿತ್ತು. ಮುದುಕ ಬೆರಳಾಡಿಸಿ ನೋಡಿ ನಕ್ಕುಬಿಟ್ಟ. ಕುಡುಗೋಲಿಗೆ ಒಂದೇ ಮೈ ಬಡಿದು ತೆಳ್ಳಗೆ ಮಾಡುತ್ತಾರೆ. ಮೌನವ್ವನ ಕೈ ಅದಕ್ಕೇ ಪಳಗಿತ್ತು. ಅವಳಿಗೆ ಗೊತ್ತಿಲ್ಲದೆ ಕೈ ಒಂದೇ ಮೈ ಬಡಿದಿತ್ತು. ಕತ್ತಿಗೆ ಎರಡೂ ಮೈ ಸಮಸಮ ಬಡಿಯಬೇಕು.

ಸುದ್ದಿ ಕೇರಿಗೆ ಮುಟ್ಟಿತು. “ಮೌನವ್ವ ರಾಜನಿಗೆ ಭತ್ತ ಕೊಯ್ಯೋಕೆ ಕತ್ತಿ ಮಾಡವ್ಳೆ,” ಅಂತ ಜನ ಬಿದ್ದು ಬಿದ್ದು ನಕ್ಕರು. ಮೌನವ್ವನೂ ಅವರ ಜೊತೆ ನಕ್ಕಳು. ಮನೆಗೆ ಬಂದು ಒಲೆಯ ಮುಂದೆ ಕೂತು ಸ್ವಲ್ಪ ಅತ್ತಳು. ಆಮೇಲೆ ಎದ್ದು ಮುಖ ತೊಳೆದುಕೊಂಡು ಎರಡನೆಯ ಸಲಕ್ಕೆ ಇದ್ದಿಲು ಹಾಕಿದಳು.

ಎರಡನೆಯ ಕತ್ತಿಗೆ ಎರಡೂ ಮೈ ಸಮಸಮ ಬಡಿದಳು. ಅಲಗು ನೆಟ್ಟಗೆ ಬಂತು. ಬಣ್ಣವೂ ಸರಿಯಾಗಿ ಬಂತು. ನೀರಿಗೆ ಅದ್ದಿದಳು. ಟಣ್ ಅಂತ ಸದ್ದಾಯಿತು. ಮುದುಕನ ಮುಖ ಸಣ್ಣದಾಯಿತು.

“ಅಡ್ಡಡ್ಡ ಅದ್ದಿದ್ಯಾ ಮಗಾ?”

“ಹೂಂ ಮಾವಯ್ಯ. ಕುಡುಗೋಲು ಹಂಗೇ ಅಲ್ವಾ ಅದ್ದೋದು?”

ಕುಡುಗೋಲು ಗಿಡ್ಡ, ತಾಳಿಕೊಳ್ಳುತ್ತದೆ. ಉದ್ದದ ಅಲಗನ್ನು ಮೊನೆ ಕೆಳಗೆ ಮಾಡಿ ನೆಟ್ಟಗೆ ಇಳಿಸಬೇಕು. ಅದನ್ನು ಹೇಳಲು ಈರಾಚಾರಿ ಮರೆತಿದ್ದ. ಅವನ ಪಾಲಿಗೆ ಅದು ಉಸಿರಾಡಿದಷ್ಟು ಸಹಜ, ಬಾಯಿಬಿಟ್ಟು ಹೇಳುವ ಮಾತು ಅಂತ ಅವನಿಗೆ ಹೊಳೆದಿರಲೇ ಇಲ್ಲ. ಅಲಗು ಉದ್ದಕ್ಕೂ ಸೀಳಿತ್ತು.

ಉಳಿದದ್ದು ಒಂದೇ ಕತ್ತಿಯ ಉಕ್ಕು. ಆಯುಧಪೂಜೆ ಹತ್ತಿರ ಬಂದಿತ್ತು.

ಮೂರನೆಯ ಕತ್ತಿಗೆ ಮೌನವ್ವ ಊಟ ನಿದ್ದೆ ಬಿಟ್ಟು ಕೂತಳು. ಕಬ್ಬಿಣದ ಪಟ್ಟಿಯ ಮೇಲೆ ಉಕ್ಕಿನ ಪಟ್ಟಿ ಇಟ್ಟಳು. ಸಣ್ಣ ಮರಳು ಉದುರಿಸಿದಳು. ಕಿಡಿ ಹಾರುವಷ್ಟು ಕಾಯಿಸಿ ಬಡಿದರೆ ಎರಡೂ ಬೆಸೆದು ಒಂದಾಗಬೇಕು. ಬುಡದಿಂದ ಮೊನೆಯ ತನಕ ಬಡಿದುಕೊಂಡು ಹೋದಳು. ನಡುವೆ ಒಂದು ಸಲ ಮುದುಕನಿಗೆ ಕೆಮ್ಮು ಒತ್ತರಿಸಿ ಬಂತು, ತಿದಿ ನಿಂತಿತು, ಬೆಂಕಿ ಕುಗ್ಗಿತು. ಮೌನವ್ವ ನಿಲ್ಲಿಸಲಿಲ್ಲ. ಇದ್ದ ಬಿಸಿಯಲ್ಲೇ ಬಡಿದು ಮುಂದಕ್ಕೆ ಹೋದಳು.

ಮುತ್ತುಗದ ಹೂವಿನ ಬಣ್ಣ ಬಂದಾಗ ಮೊನೆ ಕೆಳಗೆ ಮಾಡಿ ಬಾವಿಯ ನೀರಿಗೆ ಇಳಿಸಿದಳು. ಟಣ್ ಅನ್ನಲಿಲ್ಲ. ಸೊಂಯ್ ಅಂತ ನೀರು ಹಾಡಿತು. ಸಾಣೆ ಹಿಡಿದಳು. ಆಹಾ, ಆ ಅಲಗನ್ನು ನೀವು ನೋಡಬೇಕಿತ್ತು. ನೆಟ್ಟಗೆ, ತೆಳ್ಳಗೆ, ಬೆಳಕು ಬಿದ್ದರೆ ಮೈಯುದ್ದಕ್ಕೂ ಜುಳುಜುಳು ಹರಿಯುತ್ತಿತ್ತು. ಒಂದು ಕೂದಲು ಮೇಲಿಂದ ಬಿಟ್ಟಳು, ಎರಡಾಗಿ ಬಿತ್ತು. ಕುಡುಗೋಲಿನ ಹೆಂಗಸು ಕತ್ತಿ ಮಾಡಿದ್ದಳು.

ಮುದುಕ ಅಲಗನ್ನು ದಾರದಲ್ಲಿ ತೂಗುಹಾಕಿಸಿದ. ಮೌನವ್ವ ಸಣ್ಣ ಸುತ್ತಿಗೆಯಿಂದ ಮೊನೆಯ ಕಡೆಯಿಂದ ತಟ್ಟುತ್ತ ಬಂದಳು. ಗಂಟೆ ಬಾರಿಸಿದ ಹಾಗೆ ಕೇಳಿಸಿತು. ಇನ್ನೊಂದು ಕಡೆ ತಟ್ಟಿದಳು, ಗಂಟೆ. ಹಿಡಿ ಕೂರುವ ಜಾಗದಿಂದ ಒಂದು ಗೇಣು ಮೇಲೆ ತಟ್ಟಿದಳು. ಅಲ್ಲಿ ಸದ್ದು ಮಂದವಾಯಿತು. ಮತ್ತೆ ತಟ್ಟಿದಳು. ಮಂದ. ಮೂರನೆಯ ಸಲ ತಟ್ಟಿದಳು. ಮಂದವೇ.

ಅವಳು ಸುತ್ತಿಗೆ ಕೆಳಗಿಟ್ಟಳು. “ಮಾವಯ್ಯ, ಇಲ್ಲಿ ಬೆಸುಗೆ ಕೂಡಿಲ್ಲ.”

“ನಾನು ಮೊದಲನೇ ಸಲವೇ ಕೇಳಿಸಿಕೊಂಡೆ ಮಗಾ. ನಿನಗೆ ಕೇಳುತ್ತೋ ಇಲ್ವೋ ಅಂತ ಸುಮ್ಮನಿದ್ದೆ,” ಅಂದ ಮುದುಕ. “ಆ ಹಾಳು ಕೆಮ್ಮು ಬಂದಾಗ ಆದದ್ದು.”

“ಕೆಮ್ಮಲ್ಲ ಮಾವಯ್ಯ. ಮತ್ತೆ ಕಾಯಿಸಬೇಕಿತ್ತು. ನಾನು ಆತುರ ಬಿದ್ದೆ.”

“ಮೇಲೆ ಏನೂ ಕಾಣಲ್ಲ ಅಲ್ವಾ?”

“ಏನೂ ಕಾಣಲ್ಲ.”

“ರಾಜನಿಗೆ ಹೇಳಿದರೆ ಕುಲುಮೆ ಹೋಗುತ್ತೆ.”

“ಹೇಳದಿದ್ರೆ ರಾಜನ ಕೈ ಹೋಗುತ್ತೆ. ಹಿಡಿ ಹತ್ತಿರ ಮುರಿದ್ರೆ ತುಂಡು ಮುಖಕ್ಕೇ ಹಾರುತ್ತೆ.”

ಮುದುಕ ಅವಳ ತಲೆ ಹುಡುಕಿ ಕೈ ಇಟ್ಟ. “ಈ ಮನೆಗೆ ಕತ್ತಿಗಾರ ಸಿಕ್ಕಿದ,” ಅಂದ.

ರಾಜನ ಮುಂದೆ ಇಡುವ ಮೊದಲ ಕತ್ತಿಗೆ ಹಿಡಿ ಕೂರಿಸುವುದು ಅರಮನೆಯ ಕತ್ತಿಗಾರನ ಕೆಲಸ. ಪೂಜೆಯ ಹಿಂದಿನ ದಿನ ಮೌನವ್ವ ಅಲಗನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ರುದ್ರಾಚಾರಿಯ ಬಳಿಗೆ ಹೋದಳು. ಅವನು ಬಿಚ್ಚಿ ನೋಡಿದ. ಕಣ್ಣು ಅಲ್ಲೇ ಅಂಟಿಕೊಂಡಿತು. ಅವನ ಆಳುಗಳು ಅಂತಹ ಅಲಗು ಮಾಡಿ ಬಹಳ ದಿನವಾಗಿತ್ತು.

“ಆಚಾರ್ರೇ, ಇದರಲ್ಲಿ ಒಂದು ವಿಷಯ ಇದೆ,” ಅಂತ ಶುರುಮಾಡಿದಳು ಮೌನವ್ವ.

“ನಿನ್ನ ಪುರಾಣ ಕೇಳೋಕೆ ಹೊತ್ತಿಲ್ಲ. ಇಟ್ಟು ಹೋಗು.”

“ಪುರಾಣ ಅಲ್ಲ, ಹಿಡಿ ಹತ್ತಿರ...”

“ಹಿಡಿ ಕೂರಿಸೋದು ನನಗೆ ಹೇಳಿಕೊಡ್ತೀಯಾ? ನಡಿ, ನಡಿ.”

“ಒಂದೇ ಮಾತು...”

ಅವನು ಅವಳ ಮುಖಕ್ಕೇ ಬಾಗಿಲು ಹಾಕಿಕೊಂಡ. ಮೂರು ಸಲ ಹೇಳಲು ಹೋದಳು, ಮೂರು ಸಲವೂ ಕೇಳಲಿಲ್ಲ. ನಾಳೆ ನೇರವಾಗಿ ರಾಜನಿಗೇ ಹೇಳೋಣ ಅಂದುಕೊಂಡು ಅವಳು ಮನೆಗೆ ಬಂದಳು.

ರುದ್ರಾಚಾರಿ ಬಾಗಿಲ ಹಿಂದೆ ಏನು ಮಾಡಿದ ಗೊತ್ತೇ? ಆಯುಧಪೂಜೆಗೆ ಅವನೂ ಪ್ರತಿವರ್ಷ ಒಂದು ಹೊಸ ಕತ್ತಿ ಇಡಬೇಕಾಗಿತ್ತು. ಮೌನವ್ವನ ಅಲಗಿನ ಬುಡಕ್ಕೆ ತನ್ನ ಮುದ್ರೆ ಒತ್ತಿದ, ಮೇಲೆ ಬೆಳ್ಳಿಯ ಹಿಡಿ ಕೂರಿಸಿದ. ಮೊದಲ ಕತ್ತಿಗೆ ಮುದ್ರೆ ಇರುವುದಿಲ್ಲವಲ್ಲ, ಅವನಿಗೆ ಅದೇ ಅನುಕೂಲವಾಯಿತು. ಮೌನವ್ವನ ಹೆಸರಿಗೆ ಗುಜರಿಯಿಂದ ಒಂದು ಸೊಟ್ಟ ಪಟ್ಟಿ ಎತ್ತಿಟ್ಟ. ರಾಜನ ಮೆಚ್ಚುಗೆಯೂ ತನಗೆ, ಬಾವಿಯೂ ತನಗೆ ಅಂತ ಹಿಗ್ಗಿದ.

ಪೂಜೆಯ ದಿನ ಸಭೆ ತುಂಬಿತು. ಕೆಂಪು ಬಟ್ಟೆಯ ಮೇಲೆ ರುದ್ರಾಚಾರಿಯ ಕತ್ತಿ ಝಗಝಗ ಹೊಳೆಯುತ್ತಿತ್ತು. ಪಕ್ಕದಲ್ಲಿ ಸೊಟ್ಟ ಪಟ್ಟಿ ಬಿದ್ದಿತ್ತು. “ಇದು ಮೌನವ್ವ ತಂದದ್ದು ಮಹಾಸ್ವಾಮಿ,” ಅಂದ ರುದ್ರಾಚಾರಿ. ಸಭೆ ಗೊಳ್ಳೆಂದಿತು.

ಮೌನವ್ವ ನೋಡಿದಳು. ಊಟ ನಿದ್ದೆ ಬಿಟ್ಟು ಬಡಿದ ಅಲಗು ಗುರುತು ಸಿಗದೆ ಇರುತ್ತದೆಯೇ?

“ಬುದ್ಧೀ, ಆ ಬೆಳ್ಳಿ ಹಿಡಿ ಕತ್ತಿ ನಂದು,” ಅಂದಳು.

ಮುದ್ದರಸ ನ್ಯಾಯವಂತ. ಇಬ್ಬರನ್ನೂ ಮುಂದಕ್ಕೆ ಕರೆದ. “ಉಕ್ಕು ಎಲ್ಲಿಯದು?” ಅಂತ ಕೇಳಿದ.

“ಕೆಂಗಲ್ಲು ಗುಡ್ಡದ್ದು,” ಅಂದ ರುದ್ರಾಚಾರಿ.

“ನಂದೂ ಅದೇ ಗುಡ್ಡದ್ದು,” ಅಂದಳು ಮೌನವ್ವ. ರಾಜ್ಯಕ್ಕೆಲ್ಲ ಉಕ್ಕು ಸಿಗುತ್ತಿದ್ದದ್ದು ಅದೊಂದೇ ಗುಡ್ಡದಲ್ಲಿ.

“ಯಾವ ನೀರಲ್ಲಿ ಅದ್ದಿದ್ದು?”

“ಅರಮನೆ ಬಾವಿಯದು,” ಅಂದ ಅವನು. “ನಮ್ಮ ಹಿತ್ತಿಲ ಬಾವಿದು,” ಅಂದಳು ಇವಳು. ಒಣಗಿದ ಅಲಗು ನೋಡಿ ಯಾವ ಬಾವಿ ಅಂತ ಹೇಳುವವರು ಯಾರು?

“ಹಿಡಿ ಬಿಚ್ಚಿ. ಮುದ್ರೆ ಯಾರದು ನೋಡೋಣ.”

ಬಿಚ್ಚಿದರು. ರುದ್ರಾಚಾರಿಯ ಮುದ್ರೆ ಇತ್ತು. ಸಭೆಯವರು ಮೌನವ್ವನ ಕಡೆ ನೋಡಿ ಮೂಗು ಮುರಿದರು. ರಾಜ ಬೇಸರದಿಂದ ತಲೆಯಾಡಿಸಿ ಮತ್ತೆ ಹಿಡಿ ಕೂರಿಸಲು ಹೇಳಿದ. ಆಮೇಲೆ ಕತ್ತಿ ಹಿಡಿದುಕೊಂಡು ಹುಣಸೆ ಕಂಬದ ಕಡೆಗೆ ಹೆಜ್ಜೆ ಹಾಕಿದ.

ಈಗ ಯೋಚನೆ ಮಾಡಿ ಮಕ್ಕಳೇ. ಮೌನವ್ವ ಒಂದು ಗಳಿಗೆ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಕತ್ತಿ ಮುರಿಯುತ್ತಿತ್ತು, ರುದ್ರಾಚಾರಿಯ ಹೆಸರಲ್ಲೇ ಮುರಿಯುತ್ತಿತ್ತು, ಅವನ ಮಾನ ಮೂರು ಕಾಸಿಗೆ ಹೋಗುತ್ತಿತ್ತು. ಬಾಯಿ ಬಿಟ್ಟರೆ ತನ್ನ ಮೊದಲ ಕತ್ತಿಯಲ್ಲಿ ಕೊರತೆ ಇದೆ ಅಂತ ತಾನೇ ಒಪ್ಪಿಕೊಂಡ ಹಾಗೆ. ಕುಲುಮೆ ಹೋದ ಹಾಗೆ. ಅವಳಿಗೆ ಇದೆಲ್ಲ ತಿಳಿಯದೆ ಇರಲಿಲ್ಲ. ಕಂಬದ ಮುಂದೆ ನಿಂತಿದ್ದ ರಾಜನ ಮುಖ ನೋಡಿದಳು.

“ಹೊಡೀಬೇಡಿ ಬುದ್ಧೀ,” ಅಂದಳು. “ಆ ಕತ್ತಿಯಲ್ಲಿ ಕೊರತೆ ಇದೆ.”

ರಾಜ ಕತ್ತಿ ಇಳಿಸಿದ. “ಏನಮ್ಮಾ, ನಿನ್ನದು ಅಂತೀಯ, ಕೊರತೆ ಇದೆ ಅಂತಲೂ ಅಂತೀಯಲ್ಲ?”

“ನಂದು, ಅದಕ್ಕೇ ಗೊತ್ತು ಬುದ್ಧೀ. ಹಿಡಿಯಿಂದ ಒಂದು ಗೇಣು ಮೇಲೆ, ಎಡಮೈಯಲ್ಲಿ, ಅವರೆಕಾಳಷ್ಟು ಜಾಗದಲ್ಲಿ ಬೆಸುಗೆ ಕೂಡಿಲ್ಲ. ನಾನು ಆತುರ ಬಿದ್ದು ಕಾಯಿಸದೆ ಬಡಿದೆ. ಮೆಲ್ಲಗೆ ಹೊಡೆದರೆ ತಡೆಯುತ್ತೆ. ಜೋರಾಗಿ ಒಂದು ಏಟಿಗೆ ತಡೆದರೂ ಎರಡನೇದಕ್ಕೆ ತಡೆಯಲ್ಲ.”

ರುದ್ರಾಚಾರಿ ಗಹಗಹಿಸಿ ನಕ್ಕ. “ರುದ್ರಾಚಾರಿಯ ಕತ್ತಿಯಲ್ಲಿ ಕೊರತೆಯೇ? ಕೂದಲೆಳೆಯಷ್ಟೂ ಇಲ್ಲ ಮಹಾಸ್ವಾಮಿ. ಹೊಟ್ಟೆಕಿಚ್ಚಿಗೆ ಬಾಯಿಗೆ ಬಂದದ್ದು ಹೇಳ್ತಾಳೆ.”

“ಹಂಗಾದ್ರೆ ಬುದ್ಧೀ,” ಅಂದಳು ಮೌನವ್ವ, “ಇದೆ ಅನ್ನೋಳು ನಾನು, ಇಲ್ಲ ಅನ್ನೋರು ಅವರು. ಇಲ್ಲ ಅನ್ನೋರೇ ಕೈಗೆ ತಗೊಂಡು ಹೊಡೀಲಿ. ನಿಮ್ಮ ಕೈ ಯಾಕೆ ನೋಯಿಸಬೇಕು?”

ರಾಜನ ಮೀಸೆಯಂಚಿನಲ್ಲಿ ನಗು ಸುಳಿಯಿತು. ಕತ್ತಿಯನ್ನು ರುದ್ರಾಚಾರಿಯ ಕೈಗೆ ಕೊಟ್ಟ.

ರುದ್ರಾಚಾರಿ ಇಕ್ಕಟ್ಟಿಗೆ ಸಿಕ್ಕಿಕೊಂಡ. ಹೊಡೆಯಲ್ಲ ಅಂದರೆ ಕಳ್ಳತನ ಒಪ್ಪಿಕೊಂಡ ಹಾಗೆ. ಹೊಡೆದರೆ ಏನಾಗುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲ. ಎಲ್ಲರೂ ನೋಡುತ್ತಿದ್ದಾರೆ. ಕತ್ತಿ ಎತ್ತಿ ನೊಣ ಓಡಿಸುವ ಹಾಗೆ ಕಂಬಕ್ಕೆ ಮುಟ್ಟಿಸಿದ. ಕತ್ತಿ ನಿಂತಿತು.

“ಇದು ಏಟೇನಯ್ಯಾ? ಜೋರಾಗಿ ಹೊಡಿ,” ಅಂದ ರಾಜ.

ಎರಡನೆಯ ಏಟು ಜೋರಾಗಿಯೇ ಬಿತ್ತು. ಕತ್ತಿ ನಿಂತಿತು. ರುದ್ರಾಚಾರಿಗೆ ಜೀವ ಬಂತು. ಮೀಸೆಯ ಮೇಲೆ ಕೈ ಹೋಯಿತು.

“ಆಚಾರ್ರೇ, ಮುಖ ಪಕ್ಕಕ್ಕೆ ಇಟ್ಕೊಂಡು ಹೊಡೀರಿ,” ಅಂದಳು ಮೌನವ್ವ. ತನ್ನ ಬದುಕು ಕದ್ದವನಿಗೂ ಆ ಹೆಂಗಸು ಅಷ್ಟು ಎಚ್ಚರಿಕೆ ಹೇಳಿದಳು.

ಅವನು ಕೇಳಲಿಲ್ಲ, ಇದ್ದ ಬಲವನ್ನೆಲ್ಲ ಹಾಕಿ ಮೂರನೆಯ ಏಟು ಹೊಡೆದ. ಚಟ್ ಅಂತ ಅಲಗು ಮುರಿಯಿತು. ತುಂಡು ಹಾರಿ ಅವನ ಮುಂಡಾಸನ್ನು ಎತ್ತಿಕೊಂಡು ಹೋಗಿ ಹಿಂದಿನ ಬಾಗಿಲಿಗೆ ನಾಟಿತು. ಎರಡು ಬೆರಳು ಕೆಳಗೆ ಬಂದಿದ್ದರೆ ಮುಂಡಾಸಿನ ಜೊತೆ ತಲೆಯೂ ಹೋಗುತ್ತಿತ್ತು.

ರಾಜ ಹತ್ತಿರ ಬಂದು ಅಲಗು ಮುರಿದ ಜಾಗ ನೋಡಿದ. ಹಿಡಿಯಿಂದ ಒಂದು ಗೇಣು ಮೇಲೆ. ಎಡಮೈಯಲ್ಲಿ. ಬೆಳ್ಳಗಿನ ಉಕ್ಕಿನ ನಡುವೆ ಅವರೆಕಾಳಷ್ಟು ಕಪ್ಪು.

“ರುದ್ರಾಚಾರಿ, ನಿನ್ನ ಕತ್ತಿಯೊಳಗೆ ಏನಿತ್ತು ಅನ್ನೋದು ಇವಳಿಗೆ ಹೇಗೆ ಗೊತ್ತಾಯಿತು?”

ರುದ್ರಾಚಾರಿ ಮೊಣಕಾಲೂರಿ ಕೂತುಬಿಟ್ಟ.

“ಇವನಿಗೆ ಮೊದಲೇ ಹೇಳಬಾರದಿತ್ತೇನಮ್ಮಾ?” ಅಂದ ರಾಜ.

“ನಿನ್ನೆ ಹೇಳೋಕೇ ಹೋಗಿದ್ದೆ ಬುದ್ಧೀ. ಕೇಳೋ ಪುರುಸೊತ್ತು ಅವರಿಗಿರಲಿಲ್ಲ.”

ಸಭೆ ನಕ್ಕಿತು. ಈ ಸಲ ಯಾರನ್ನು ನೋಡಿ ನಕ್ಕಿತು ಅಂತ ಹೇಳಬೇಕಾಗಿಲ್ಲ. ರಾಜ ಅವನ ಮುದ್ರೆ ಕಿತ್ತುಕೊಂಡ. “ಇಷ್ಟು ದಿನ ಯಾವ ಆಳುಗಳ ಕೆಲಸಕ್ಕೆ ನಿನ್ನ ಮುದ್ರೆ ಒತ್ತಿದೆಯೋ, ಇನ್ನು ಮೇಲೆ ಅವರ ತಿದಿ ಒತ್ತು,” ಅಂದ.

ಅಷ್ಟರಲ್ಲಿ ಮುದಿ ಮಂತ್ರಿ ಗಂಟಲು ಸರಿಮಾಡಿಕೊಂಡ. “ಮಹಾಸ್ವಾಮಿ, ಕಳ್ಳನಿಗೆ ಶಿಕ್ಷೆಯಾಯಿತು, ಸರಿ. ಆದರೆ ಕತ್ತಿ ಈಕೆಯದು, ಮುರಿದದ್ದೂ ಈಕೆಯ ಕತ್ತಿಯೇ. ಕಟ್ಟಳೆಯ ಪ್ರಕಾರ ಕುಲುಮೆಗೆ ನೀರು ಸುರಿಯಬೇಕು.”

ಮೌನವ್ವ ಸೆರಗು ಬಿಗಿಯಾಗಿ ಹಿಡಿದುಕೊಂಡಳು. ಅವಳ ಮನಸ್ಸಿನಲ್ಲಿ ತಿದಿಯ ಹತ್ತಿರ ಒಬ್ಬನೇ ಕೂತಿದ್ದ ಮುದುಕ ಬಂದ.

ಮುದ್ದರಸ ಮುರಿದ ಕತ್ತಿಯನ್ನು ಕೈಗೆತ್ತಿಕೊಂಡ. “ಈ ಕಟ್ಟಳೆ ಯಾತಕ್ಕೆ ಮಾಡಿದ್ದು ಮಂತ್ರಿಗಳೇ? ರಾಜ ಕಣ್ಣು ಮುಚ್ಚಿ ನಂಬಬಹುದಾದ ಕತ್ತಿಗಾರ ಸಿಗಲಿ ಅಂತ. ಈಕೆ ತನ್ನ ಮನೆ ಹೋದರೂ ಸರಿ ಅಂತ ನನ್ನ ಕೈ ಉಳಿಸಿದಳು. ಇದಕ್ಕಿಂತ ನಂಬಿಕೆಯವರು ನನಗೆ ಎಲ್ಲಿ ಸಿಗುತ್ತಾರೆ?” ಅಂದ. ಮೌನವ್ವನ ಕಡೆಗೆ ತಿರುಗಿ, “ತಗೋ ತಾಯಿ, ಮುದ್ರೆ ನಿನ್ನದು,” ಅಂದ.

ಮೌನವ್ವ ಕೈ ಮುಗಿದಳು. “ಮುರಿದ ಕತ್ತಿಗೆ ಮುದ್ರೆ ಬೇಡ ಬುದ್ಧೀ. ಬೆಂಕಿ ಆರಿಸಬೇಡಿ, ಅಷ್ಟು ಸಾಕು. ನನ್ನ ಕತ್ತಿ ನಿಂತ ದಿನ ಮುದ್ರೆ ಕೊಡಿ.”

ಸಭೆಯಲ್ಲಿದ್ದ ಕಮ್ಮಾರರೆಲ್ಲ ಎದ್ದು ನಿಂತರು. ನಗುತ್ತಿದ್ದವರೇ ಎದ್ದು ನಿಂತರು. ಅಂತಹ ಮಾತು ಆಡುವ ಎದೆ ತಮಗೆ ಇದೆಯೇ ಅಂತ ಒಬ್ಬೊಬ್ಬರೂ ತಮ್ಮೊಳಗೇ ಕೇಳಿಕೊಂಡರು.

ರಾಜ ಅರಮನೆಯ ಉಕ್ಕು ಕೊಟ್ಟು ಕಳಿಸಿದ. ಮುಂದಿನ ಆಯುಧಪೂಜೆಗೆ ಮೌನವ್ವ ಮತ್ತೊಂದು ಕತ್ತಿ ತಂದಳು. ರಾಜ ಎತ್ತುವ ಮೊದಲೇ, “ಬುದ್ಧೀ, ಇದಕ್ಕೆ ಮೊನೆ ಕಡೆ ತೂಕ ಒಂದು ಚೂರು ಹೆಚ್ಚಾಗಿದೆ. ಮುರಿಯಲ್ಲ, ಆದರೆ ಬೇಗ ಕೈ ಸೋಲುತ್ತೆ,” ಅಂದಳು. ರಾಜ ಒಂದು ಏಟು ಹೊಡೆದ, ನಿಂತಿತು. ಎರಡನೆಯ ಏಟು ಹೊಡೆದ, ನಿಂತಿತು. ಮೂರನೆಯ ಏಟಿಗೆ ಹುಣಸೆ ಕಂಬವೇ ಎರಡಾಯಿತು. ಮುದ್ದರಸ ಬದುಕಿರುವ ತನಕ ಆ ಕತ್ತಿಯನ್ನೇ ಸೊಂಟಕ್ಕೆ ಕಟ್ಟಿಕೊಂಡ. ಆವತ್ತಿನಿಂದ ಕೆಂಗಲ್ಲುದುರ್ಗದಲ್ಲಿ ಯಾರು ಕತ್ತಿ ತಂದರೂ ರಾಜ ಮೊದಲು ಅದರ ಕೊರತೆ ಏನು ಅಂತ ಕೇಳುತ್ತಿದ್ದ. ಇಲ್ಲ ಅಂದವರ ಕತ್ತಿಯನ್ನು ಮುಟ್ಟುತ್ತಿರಲಿಲ್ಲ.

ತಿಳಿಯಿತಲ್ಲ ಮಕ್ಕಳೇ? ಕೆಲಸ ಕದ್ದವನಿಗೆ ಅದರ ಹೊಳಪು ಮಾತ್ರ ಗೊತ್ತು, ಮಾಡಿದವರಿಗೆ ಅದರ ಕೊರತೆಯೂ ಗೊತ್ತು. ತನ್ನ ಕೊರತೆಯನ್ನು ತಾನೇ ಬಾಯಿಬಿಟ್ಟು ಹೇಳುವವರ ಕೆಲಸವನ್ನು ಲೋಕ ನಂಬುತ್ತದೆ. ಕಥೆ ಅವರದು, ಕಿವಿ ನಿಮ್ಮದು, ಹೇಳಿದ ಬಾಯಿ ಮಾತ್ರ ನನ್ನದು. ಇನ್ನು ಏಳಿ, ಊಟಕ್ಕೆ ಹೋಗೋಣ.